ಸರ್ಕಾರಿ ವಕೀಲರು ಇದ್ದಾರಲ್ಲ, ನಾವೂ ಒಬ್ಬರನ್ನ ಇಡಬೇಕಾ?

ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನನ್ನು ಮದ್ದೂರು, ಪಾಂಡವಪುರ ಕಡೆಯಿಂದ ಬರುವವರು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ವಕೀಲರ ಬಗ್ಗೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ‘ಏಟು ತಿಂದೋರು ನಾವು, ಕಂಪ್ಲೇಂಟ್ ಕೊಟ್ಟೋರೂ ನಾವು. ಎಪಿಪಿ ಸಾಹೇಬ್ರು ನಮ್ಮ ವಕೀಲರೇ ತಾನೆ? ಅವರ ಫೀಸು ಎಷ್ಟು ಸಾರ್?’

ಫೀಸು ಒಂದು ರೂಪಾಯಿಯೂ ಇಲ್ಲ. ಅವರ ಹೆಸರು ಹೇಳಿಕೊಂಡು ಯಾರಾದರೂ ಕೈಚಾಚಿದರೆ ಕೊಡಬೇಡಿ. ಆದರೆ ಅವರು ನಿಮ್ಮ ವಕೀಲರಲ್ಲ. ಪೊಲೀಸರು ಚಾರ್ಜ್‌ಶೀಟ್ ಹಾಕಿದ ಕೇಸು ಸರ್ಕಾರದ್ದು, ಅದರಲ್ಲಿ ನೀವು ಸಾಕ್ಷಿ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎಪಿಪಿ, ದೊಡ್ಡ ಕೇಸುಗಳ ಸೆಷನ್ಸ್ ಕೋರ್ಟಿನಲ್ಲಿ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಸರ್ಕಾರದ ಪರ ನಡೆಸುತ್ತಾರೆ.

ಹಾಗಂತ ಪೊಲೀಸರ ವಕೀಲರೂ ಅಲ್ಲ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸಲೇಬೇಕೆಂಬ ಹಟ ಪಿಪಿಗೆ ಇರಕೂಡದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ, ಶಿವಕುಮಾರ್ ಪ್ರಕರಣದಲ್ಲಿ ಹೇಳಿದೆ. ಆರೋಪಿಗೆ ನ್ಯಾಯವಾಗಿ ಸಿಗಬೇಕಾದ ಅನುಕೂಲವೇನಾದರೂ ಇದ್ದು ಅವನ ವಕೀಲರೇ ಮರೆತಿದ್ದರೂ, ಕೋರ್ಟಿನ ಗಮನಕ್ಕೆ ತರಬೇಕಾದವರು ಪಿಪಿ. ಇದನ್ನು ಹೇಳಿದಾಗ ನನ್ನ ಕಕ್ಷಿದಾರರ ಮುಖ ಸಣ್ಣಗಾಗುತ್ತದೆ.

ಎಪಿಪಿಯವರ ಕಷ್ಟ ನೋಡಬೇಕಾದರೆ ಮಹಜರು ಸಾಕ್ಷಿ, ಅಂದರೆ ಪೊಲೀಸರು ಜಪ್ತಿ ಮಾಡಿದ್ದನ್ನು ಬರೆದ ಪತ್ರಕ್ಕೆ ಸಹಿ ಹಾಕಿದವನು, ಕಟಕಟೆ ಹತ್ತಿದಾಗ ನೋಡಬೇಕು. ನಾಲೆ ನೀರಿನ ಜಗಳ, ಮಚ್ಚಿನೇಟು, ಸಾಕ್ಷಿ ಅದೇ ಊರಿನವನು ಎಂದಿಟ್ಟುಕೊಳ್ಳಿ. ‘ಈ ಸಹಿ ನಿಮ್ಮದಾ?’ ‘ನಂದೇ ಬುದ್ದಿ.’ ‘ನಿಮ್ಮ ಎದುರಿಗೆ ಮಚ್ಚು ಜಪ್ತಿ ಮಾಡಿದರಾ?’ ‘ಸ್ಟೇಷನ್‌ಗೆ ಕರೆದು ಹಾಕು ಅಂದ್ರು, ಹಾಕ್ದೆ. ಏನು ಬರ್ದಿತ್ತೋ ಕಾಣೆ.’ ಅಲ್ಲಿಗೆ ಸಾಕ್ಷಿ ಹಾಸ್ಟೈಲ್, ಅಂದರೆ ಕರೆಸಿದವರಿಗೇ ತಿರುಗಿಬಿದ್ದ. ಎಪಿಪಿ ನ್ಯಾಯಾಧೀಶರ ಅನುಮತಿ ಪಡೆದು, ತಾವೇ ಕರೆಸಿದ ಸಾಕ್ಷಿಗೆ ತಾವೇ ಪಾಟೀಸವಾಲು ಮಾಡಬೇಕು. ತನಿಖೆ ಮಾಡಿದವರು ಅವರಲ್ಲ, ಮಹಜರು ಬರೆದವರೂ ಅಲ್ಲ. ಕೇಸು ಬಿದ್ದರೆ ಊರು ಬೈಯುವುದು ಮಾತ್ರ ಅವರನ್ನೇ.

ಇನ್ನು ರಾಜಿ. ಊರ ಯಜಮಾನರು ಕೂರಿಸಿ ಒಪ್ಪಿಸಿದ್ದಾರೆ, ಎಪಿಪಿಗೆ ಹೇಳಿ ಕೇಸು ವಾಪಸ್ ತೆಗೆಸಿ ಅನ್ನುತ್ತಾರೆ. ಕೈಯಲ್ಲಿ ಹೊಡೆದ ಸಣ್ಣ ಗಾಯವಾದರೆ ರಾಜಿಯಾಗಬಹುದು. ಮಚ್ಚಿನಿಂದ ಮೂಳೆ ಮುರಿದಿದ್ದರೆ ನೀವು ಒಪ್ಪಿದರೂ ಕಾನೂನು ಒಪ್ಪದು. ಸರ್ಕಾರದ ಕಡೆಯಿಂದ ಕೇಸು ಹಿಂತೆಗೆಯಬೇಕೆಂದರೂ ಕೋರ್ಟಿನ ಒಪ್ಪಿಗೆ ಬೇಕು. 2024ರ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಆಗ ನೊಂದವರ ಮಾತನ್ನೂ ಕೇಳಲೇಬೇಕು.

ಹಾಗಾದರೆ ಸ್ವಂತ ವಕೀಲರು ಬೇಕೇ? ಸಣ್ಣ ಕೇಸಿಗೆ ಬೇಡ ಅಂತಲೇ ನಾನು ಹೇಳುವುದು, ನನಗೆ ನಷ್ಟವಾದರೂ. ದೊಡ್ಡ ಕೇಸಿಗೆ ಇಡಿ. ಆ ವಕೀಲರು ಎಪಿಪಿ ಅಥವಾ ಪಿಪಿ ಹೇಳಿದಂತೆ ನಡೆಯಬೇಕು. ಸಾಕ್ಷ್ಯವೆಲ್ಲ ಮುಗಿದ ಮೇಲೆ ಕೋರ್ಟಿನ ಅನುಮತಿಯಿಂದ ಲಿಖಿತ ವಾದ ಕೊಡಬಹುದು. ವಕೀಲರಿದ್ದರೆ ಚಾರ್ಜ್‌ಶೀಟಿನ ಪ್ರತಿ ನಿಮಗೂ ಸಿಗುತ್ತದೆ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲ.