9002 ಎರರ್ ಬಂತೆಂದು ಲಾಗ್ ಫೈಲ್ ಅಳಿಸಬೇಡಿ

ಕಂಪನಿಯ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್‌ನಲ್ಲಿ ಲೆಡ್ಜರ್ ತೆರೆಯುತ್ತದೆ, ಸ್ಟಾಕ್ ರಿಪೋರ್ಟ್ ಬರುತ್ತದೆ, ಇನ್‌ವಾಯ್ಸ್ ಸೇವ್ ಮಾಡಲು ಹೋದರೆ ಮಾತ್ರ ಎರರ್. ಅದರ ಹಿಂದೆ ಇರುವ ಡೇಟಾಬೇಸ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಆದರೆ ಮೊದಲು ನೋಡಬೇಕಾದ್ದು ಟ್ರಾನ್ಸಾಕ್ಷನ್ ಲಾಗನ್ನು. ಯಾವ ಬದಲಾವಣೆಯೂ ಮೊದಲು ಲಾಗ್‌ನಲ್ಲಿ ದಾಖಲಾಗಬೇಕು. ಅಲ್ಲಿ ಜಾಗ ಇಲ್ಲದಿದ್ದರೆ ಬರುವುದೇ 9002 ಎರರ್. ಓದುವುದಕ್ಕೆ ಈ ಕಟ್ಟುಪಾಡಿಲ್ಲ, ಹಾಗಾಗಿ ರಿಪೋರ್ಟುಗಳು ನಡೆಯುತ್ತಿರುತ್ತವೆ. ಮಾರ್ಚ್ ಕೊನೆಯಲ್ಲಿ ಎಂಟ್ರಿಗಳು ಒಟ್ಟಿಗೆ ಬೀಳುವಾಗ ಇದು ಕಾಣಿಸಿಕೊಳ್ಳುವುದು ಹೆಚ್ಚು.

ಲಾಗ್‌ನಲ್ಲಿ ಜಾಗ ಏಕೆ ತೆರವಾಗಿಲ್ಲ ಎಂಬುದನ್ನು ಸರ್ವರೇ ಹೇಳುತ್ತದೆ. ಎಲ್ಲ ಡೇಟಾಬೇಸ್‌ಗಳ ವಿವರ ತೋರಿಸುವ ಸಿಸ್ ಡಾಟ್ ಡೇಟಾಬೇಸಸ್ ವ್ಯೂನಲ್ಲಿ ಲಾಗ್ ರೀಯೂಸ್ ವೇಟ್ ಡೆಸ್ಕ್ ಎಂಬ ಕಾಲಂ ಇದೆ. ಡಿಸ್ಕ್ ದೊಡ್ಡದು ಮಾಡುವ ಮುಂಚೆ ಅದನ್ನು ಓದಿ.

ಅಲ್ಲಿ ಲಾಗ್ ಬ್ಯಾಕಪ್ ಎಂದಿದ್ದರೆ, ಸಾಮಾನ್ಯವಾಗಿ ಡೇಟಾಬೇಸ್ ಫುಲ್ ರಿಕವರಿ ಮಾಡೆಲ್‌ನಲ್ಲಿದೆ (ಬ್ಯಾಕಪ್ ಆಗುವವರೆಗೆ ಲಾಗ್ ದಾಖಲೆ ಉಳಿಸಿಕೊಳ್ಳುವ ವಿಧಾನ), ಲಾಗ್ ಬ್ಯಾಕಪ್ ಆಗುತ್ತಿಲ್ಲ ಎಂದರ್ಥ. "ದಿನಾ ರಾತ್ರಿ ಫುಲ್ ಬ್ಯಾಕಪ್ ಆಗ್ತಿದೆಯಲ್ಲ?" ಎಂದು ಕೇಳುವವರು ಬಹಳ. ಫುಲ್ ಬ್ಯಾಕಪ್ ಲಾಗ್‌ನ ಜಾಗ ಬಿಡಿಸುವುದಿಲ್ಲ. ಅಷ್ಟೇ ಅಲ್ಲ, ಮೊದಲ ಫುಲ್ ಬ್ಯಾಕಪ್ ಆಗುವವರೆಗೆ ಲಾಗ್ ತಾನಾಗಿಯೇ ಮರುಬಳಕೆಯಾಗುತ್ತಿರುತ್ತದೆ. ಲಾಗ್ ಬೆಳೆಯತೊಡಗುವುದೇ ಆ ಬ್ಯಾಕಪ್ ಆದ ಮೇಲೆ. ಇದು ಗೊತ್ತಿಲ್ಲದೆ ಎಷ್ಟೋ ಕಡೆ ಎಲ್‌ಡಿಎಫ್ ಎಂಬ ಲಾಗ್ ಫೈಲ್ ಡೇಟಾ ಫೈಲಿಗಿಂತ ದೊಡ್ಡದಾಗಿ ಕೂತಿರುತ್ತದೆ.

ಪರಿಹಾರ ನೇರ: ಬೇರೆ ಡ್ರೈವ್‌ಗೆ ಒಂದು ಲಾಗ್ ಬ್ಯಾಕಪ್ ತೆಗೆಯಿರಿ, ಡಿಬಿಸಿಸಿ ಎಸ್‌ಕ್ಯೂಎಲ್‌ಪರ್ಫ್ ಲಾಗ್‌ಸ್ಪೇಸ್ ಕಮಾಂಡ್ ಓಡಿಸಿ ಲಾಗ್ ಬಳಕೆಯ ಶೇಕಡಾ ಇಳಿಯಿತೇ ನೋಡಿ. ಇಳಿಯದಿದ್ದರೆ ಅದೇ ಕಾಲಂ ಇನ್ನೊಮ್ಮೆ ಓದಿ, ಕಾರಣ ಬದಲಾಗಿರಬಹುದು. ಫೈಲಿನ ಗಾತ್ರ ಹಾಗೇ ಇರುತ್ತದೆ, ಒಳಗೆ ಜಾಗ ಆಗಿರುತ್ತದೆ.

ಆ ಕಾಲಂನಲ್ಲಿ ಆಕ್ಟಿವ್ ಟ್ರಾನ್ಸಾಕ್ಷನ್, ಅಂದರೆ ಇನ್ನೂ ಮುಗಿಯದ ಕೆಲಸ ಎಂದು ಬಂದರೆ ಡಿಬಿಸಿಸಿ ಓಪನ್‌ಟ್ರಾನ್ ಕಮಾಂಡ್ ಅತಿ ಹಳೆಯ ಟ್ರಾನ್ಸಾಕ್ಷನ್‌ನ ಸೆಷನ್ ನಂಬರ್ ಮತ್ತು ಶುರುವಾದ ಸಮಯ ಕೊಡುತ್ತದೆ. ಅದು ಯಾರದು, ಏನು ಮಾಡುತ್ತಿದೆ ಎಂದು ವಿಚಾರಿಸದೆ ಕಿಲ್ ಮಾಡಬೇಡಿ, ಅಂದರೆ ಬಲವಂತವಾಗಿ ನಿಲ್ಲಿಸಬೇಡಿ. ಗಂಟೆಗಟ್ಟಲೆ ಓಡಿದ ಪೋಸ್ಟಿಂಗ್ ರೋಲ್‌ಬ್ಯಾಕ್ ಆಗಲೂ (ಮಾಡಿದ್ದೆಲ್ಲ ರದ್ದಾಗಿ ಹಿಂದಿನ ಸ್ಥಿತಿಗೆ ಬರಲೂ) ಗಂಟೆಗಳೇ ಹಿಡಿಯಬಹುದು. ತಾಳ್ಮೆ ತಪ್ಪಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಆ ರೋಲ್‌ಬ್ಯಾಕ್ ತಪ್ಪುವುದಿಲ್ಲ, ಅಷ್ಟು ಹೊತ್ತು ಡೇಟಾಬೇಸೇ ಯಾರಿಗೂ ಸಿಗದಿರಬಹುದು.

ಡಿಸ್ಕ್ ಪೂರ್ತಿ ತುಂಬಿ ಕೆಲಸ ನಿಂತಿದ್ದರೆ, ಇನ್ನೊಂದು ಡ್ರೈವ್‌ನಲ್ಲಿ ಎರಡನೇ ಲಾಗ್ ಫೈಲ್ ಸೇರಿಸಿ ಉಸಿರಾಡಲು ಸಮಯ ಪಡೆಯಬಹುದು. ಆಮೇಲೆ ಮರೆಯದೆ ತೆಗೆಯಿರಿ. ಸರ್ವಿಸ್ ನಿಲ್ಲಿಸಿ ಎಲ್‌ಡಿಎಫ್ ಅಳಿಸುವುದು ಮಾತ್ರ ಖಂಡಿತ ಬೇಡ. ಡೇಟಾಬೇಸ್ ತೆರೆಯಲಾಗದ ರಿಕವರಿ ಪೆಂಡಿಂಗ್ ಸ್ಥಿತಿಗೆ ಹೋಗಿ, ಕೊನೆಗೆ ಹಳೆಯ ಬ್ಯಾಕಪ್ಪೇ ಗತಿಯಾಗಬಹುದು. ಲಾಗ್ ಬ್ಯಾಕಪ್ ಇಲ್ಲದ ಸಿಂಪಲ್ ರಿಕವರಿ ಮಾಡೆಲ್‌ಗೆ ಬದಲಿಸಿದರೆ ಒಂದರ ಹಿಂದೊಂದು ಬರುವ ಲಾಗ್ ಬ್ಯಾಕಪ್‌ಗಳ ಸರಪಳಿ ಕಡಿದುಹೋಗುತ್ತದೆ. ಅನಿವಾರ್ಯವಾಗಿ ಮಾಡಿದ್ದರೆ, ಮತ್ತೆ ಫುಲ್‌ಗೆ ತಂದ ತಕ್ಷಣ ಒಂದು ಫುಲ್ ಅಥವಾ ಡಿಫರೆನ್ಷಿಯಲ್ (ಕೊನೆಯ ಫುಲ್ ಆದ ಮೇಲಿನ ಬದಲಾವಣೆಗಳ) ಬ್ಯಾಕಪ್ ತೆಗೆಯಲೇಬೇಕು.

ವಾರಕ್ಕೊಮ್ಮೆ ಲಾಗ್ ಫೈಲನ್ನು ಶ್ರಿಂಕ್ ಮಾಡುವ, ಅಂದರೆ ಕುಗ್ಗಿಸುವ ಜಾಬ್ ಇಟ್ಟಿದ್ದರೆ ತೆಗೆದುಹಾಕಿ. ಸೋಮವಾರ ಫೈಲ್ ಮತ್ತೆ ಬೆಳೆಯುತ್ತದೆ, ಬೆಳೆದ ಭಾಗಕ್ಕೆ ಸರ್ವರ್ ಸೊನ್ನೆ ತುಂಬುವವರೆಗೆ ಸೇವ್ ಕಾಯುತ್ತದೆ. ಒಮ್ಮೆ ಮಾತ್ರ ಶ್ರಿಂಕ್ ಮಾಡಿ, ತಿಂಗಳ ಕೊನೆಯ ಹೊರೆಗೆ ಸಾಕಾಗುವ ಗಾತ್ರ ಕೊಟ್ಟು, ಆಟೋಗ್ರೋತ್ (ಫೈಲ್ ತಾನಾಗಿ ಬೆಳೆಯುವ ಪ್ರಮಾಣ) ಶೇಕಡಾ 10ರ ಬದಲು 512 ಎಂಬಿಯಂಥ ನಿಗದಿತ ಅಳತೆಗೆ ಇಡಿ. ಲಾಗ್ ಬ್ಯಾಕಪ್ 15 ನಿಮಿಷಕ್ಕೊಮ್ಮೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನಿಗದಿತ ಹೊತ್ತಿಗೆ ಜಾಬ್ ಓಡಿಸುವ ಏಜೆಂಟ್ ಇಲ್ಲ, ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯೂಎಲ್‌ಸಿಎಂಡಿ ಎಂಬ ಕಮಾಂಡ್ ಟೂಲ್ ಓಡಿಸಬೇಕು. ಜಾಬ್ ವಿಫಲವಾದರೆ ಮೇಲ್ ಬರುವ ವ್ಯವಸ್ಥೆಯನ್ನೂ ಅದೇ ದಿನ ಮಾಡಿಬಿಡಿ.