ಕಡೇ ಸೋಮವಾರದ ಕಡಲೆಕಾಯಿ

ಕಾರ್ತಿಕ ಮಾಸದ ಕಡೇ ಸೋಮವಾರ ಎಲ್ಲಿಗೆ ಹೋಗೋದು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲ್ಲ. ಶಿವಮೊಗ್ಗದಿಂದ ನಾವು, ಮೈಸೂರಿನಿಂದ ಅತ್ತೆ ಮನೆಯವರು, ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಸೇರುತ್ತೇವೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ. ಗೋವಾ, ಕೇರಳ ಅಂತ ಪ್ಲಾನ್ ಹಾಕಿ, ಹೋಟೆಲ್ ರೂಮಿನ ವಿಷಯಕ್ಕೆ ಮುನಿಸಿಕೊಂಡು ಬಂದದ್ದೂ ಉಂಟು. ಪರಿಷೆಯಲ್ಲಿ ಆ ರಗಳೆಯೇ ಇಲ್ಲ. ಎಲ್ಲ ಯಾವತ್ತೋ ತೀರ್ಮಾನವಾಗಿಬಿಟ್ಟಿದೆ.

ಈ ಸಲ ತಡವಾಯಿತು. ರಾಮಕೃಷ್ಣ ಆಶ್ರಮದ ಹತ್ತಿರ ಬಿಡ್ತೀನಿ ಅಂದ ಆಟೋದವನು ಮಿನರ್ವ ವೃತ್ತದಲ್ಲೇ ಇಳಿಸಿ, ಪೂರ್ತಿ ದುಡ್ಡು ಕಿತ್ತುಕೊಂಡು ಹೋದ. ಮಂಡಿನೋವಿನ ಅತ್ತೆ ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕಿದರು. ಆದ್ದರಿಂದ ಹೇಳುತ್ತಿದ್ದೇನೆ, ಪರಿಷೆ ದಿನ ಆಟೋ ಸಹವಾಸವೇ ಬೇಡ. ಮೆಟ್ರೋ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದು ಗಾಂಧಿ ಬಜಾರಿನ ಕಡೆಯಿಂದ ನಡೆದುಬಿಡಿ. ಬಟ್ಟೆ ಚೀಲ ಇರಲಿ.

ಮೊದಲು ದೊಡ್ಡ ಗಣಪತಿ, ಆಮೇಲೆ ಗುಡ್ಡದ ಮೇಲೆ ದೊಡ್ಡ ಬಸವಣ್ಣ. ಈ ಕ್ರಮ ತಪ್ಪುವಂತಿಲ್ಲ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ಬಸವನ ಮುಂದೆ ಚಿಕ್ಕಪ್ಪ ಕಥೆ ಶುರು ಮಾಡುತ್ತಾರೆ: ಸುಂಕೇನಹಳ್ಳಿ ಸುತ್ತಮುತ್ತ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಒಂದು ಬಸವ ಮೇಯ್ದು ಹೋಗುತ್ತಿತ್ತಂತೆ. ಅದಕ್ಕೇ ರೈತರು ಮೊದಲ ಬೆಳೆಯನ್ನು ಆ ಬಸವನಿಗೇ ಒಪ್ಪಿಸಿದರಂತೆ. ನಡುವೆ ಒಂದು ಮಾತು ಬಿಟ್ಟರೂ ಮಕ್ಕಳು ಸುಮ್ಮನಿರಲ್ಲ. "ತಾತ, ಕಾವಲು ಕೂತಿದ್ದು ಹೇಳ್ಲೇ ಇಲ್ಲ!"

ಇನ್ನು ಕಡಲೆಕಾಯಿ. ರಸ್ತೆಯ ಎರಡೂ ಕಡೆ ರಾಶಿ. ಹಸಿ, ಹುರಿದದ್ದು, ಬೇಯಿಸಿದ್ದು. ನನಗೆ ಬೇಯಿಸಿದ್ದೇ ಇಷ್ಟ, ಉಪ್ಪು ನೀರು ಇನ್ನೂ ತೊಟ್ಟಿಕ್ಕುತ್ತಿರಬೇಕು. ಬಣ್ಣ ಸುರಿದ ಗೋಬಿ ಮಂಚೂರಿಗೆ ಅಲ್ಲಿ ಯಾಕೆ ಅಷ್ಟು ಜನ ಮುತ್ತುತ್ತಾರೋ, ದೇವರಿಗೇ ಗೊತ್ತು.

ನಾವು ಕೊಳ್ಳುವುದು ಕಹಳೆ ಬಂಡೆ ಪಾರ್ಕಿನ ಕಡೆ, ಒಂದು ಮರದ ಕೆಳಗೆ ಕೂರುವ ಚಿಂತಾಮಣಿ ಕಡೆಯ ಹೆಂಗಸಿನ ಹತ್ತಿರ. ಅತ್ತೆಯನ್ನು ಕಂಡದ್ದೇ ತಡ, ಆಕೆ ಗದರಿದಳು.

"ಏನಕ್ಕಾ, ಇಷ್ಟ್ ಹೊತ್ತಾ ಬರೋದು? ಬೆಳಗ್ಗೆಯಿಂದ ನೋಡ್ತಾನೇ ಇದ್ದೀನಿ."

ನಾನು ತಬ್ಬಿಬ್ಬಾದೆ. ಆಕೆ ನಮ್ಮನ್ನು ಕಾಯುತ್ತಾಳೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಅತ್ತೆಗೆ ಮಾತ್ರ ಏನೂ ಆಶ್ಚರ್ಯವಿಲ್ಲ. ಮಂಡಿ ಹಿಡಿದು ಅಲ್ಲೇ ಗೋಣಿಚೀಲದ ಮೇಲೆ ಕೂತುಬಿಟ್ಟರು.

"ಮಗಳ ಮದುವೆ ಆಯ್ತಾ?"

"ಆಯ್ತಕ್ಕ, ಶಿಡ್ಲಘಟ್ಟಕ್ಕೆ ಕೊಟ್ವಿ. ಅಳಿಯ ಅಲ್ಲೇ ಇದ್ದಾನೆ ನೋಡಿ, ಮೂಟೆ ಬಿಚ್ತಾ ಇದ್ದಾನೆ."

ಅದು ಆಕೆಯ ಅತ್ತೆ ಕೂರುತ್ತಿದ್ದ ಜಾಗವಂತೆ. ಮೊದಲ ಸೇರು ಬಸವಣ್ಣನಿಗೆ ಕಳಿಸದೆ ಬೋಣಿ ಮಾಡಲ್ಲವಂತೆ. ಗುಡಿ ಬಾಗಿಲ ಹತ್ತಿರ ಕೂತರೆ ವ್ಯಾಪಾರ ಜಾಸ್ತಿ ಆಗಲ್ವಾ ಅಂತ ನಾನು ಕೇಳಿದೆ.

"ಆಗತ್ತೆ ಕಣಪ್ಪ. ಆಮೇಲೆ ನಿಮ್ಮಂಥೋರು ನನ್ನ ಎಲ್ಲಿ ಅಂತ ಹುಡುಕ್ತೀರಿ?"

ಅಳಿಯ ಸೇರು ತುಂಬಿ ಚೀಲಕ್ಕೆ ಸುರಿದು ಸುಮ್ಮನಾದ. ಅತ್ತೆ ಚೀಲದ ಬಾಯಿ ಮುಚ್ಚಲೇ ಇಲ್ಲ. ಆಕೆ ನಗುತ್ತಾ ಎರಡೂ ಕೈ ತುಂಬಾ ಬಾಚಿ ಹಾಕಿ ಅಳಿಯನಿಗೆ ಹೇಳಿದಳು, "ಈ ಅಕ್ಕನಿಗೆ ಕೊಸರು ಎರಡು ಸಲ. ನೆನಪಿಟ್ಕೊ."

ಕೊನೆಗೆ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಹೋಟೆಲು, ಶುಕ್ರವಾರ ರಜೆ. ಬಾಗಿಲಲ್ಲಿ ಕಾದದ್ದು ಒಂದು ಗಂಟೆಗೂ ಮೇಲೆ. ತಂಗಿಯ ಮಗ ಪಿಜ್ಜಾ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಣಿ ಕೈಯುದ್ದಕ್ಕೂ ಮಸಾಲೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬಂದದ್ದು ನೋಡಿ ಅವನೂ ಬಾಯಿ ಮುಚ್ಚಿದ. ಎರಡನೇ ದೋಸೆ ಕೇಳಿದವನೂ ಅವನೇ.