ಎಸ್ಟರ್ ಮಾಡುವಾಗ ಯಾವುದನ್ನು ಹೆಚ್ಚು ಹಾಕಬೇಕು?

ಕಾರವಾರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರತಿ ಮಳೆಗಾಲ ವಿದ್ಯಾರ್ಥಿಗಳಿಂದ ಐಸೊಅಮೈಲ್ ಅಸಿಟೇಟ್ ಮಾಡಿಸುತ್ತೇನೆ. ಬಾಳೆಹಣ್ಣಿನ ವಾಸನೆಯ ಎಸ್ಟರ್ ಅದು, ಅಸಿಟಿಕ್ ಆಮ್ಲ ಮತ್ತು ಐಸೊಅಮೈಲ್ ಆಲ್ಕೊಹಾಲ್ ಕೂಡಿ ಆಗುವಂಥದ್ದು. ಈ ಸಲ ಒಬ್ಬ ವಿದ್ಯಾರ್ಥಿನಿ, "ಸರ್, ಇನ್ನೂ ಎರಡು ತಾಸು ಕುದಿಸಿದರೆ ಪೂರ್ತಿ ಎಸ್ಟರ್ ಆಗುವುದಿಲ್ಲವೇ?" ಎಂದು ಕೇಳಿದಳು.

ಆಗುವುದಿಲ್ಲ. ಆಮ್ಲ ಮತ್ತು ಆಲ್ಕೊಹಾಲ್ ಕೂಡಿ ಎಸ್ಟರ್ ಹಾಗೂ ನೀರು ಹುಟ್ಟುತ್ತಿರುವಾಗಲೇ ಆ ಎಸ್ಟರ್ ಮತ್ತು ನೀರು ಕೂಡಿ ಮತ್ತೆ ಮೊದಲಿನ ರೂಪಕ್ಕೆ ಮರಳುತ್ತಿರುತ್ತವೆ. ಇಂಥ ಕ್ರಿಯೆಯ ಸಮತೋಲನ ಸ್ಥಿರಾಂಕ (ಎರಡೂ ದಿಕ್ಕಿನ ಕ್ರಿಯೆ ಸರಿದೂಗುವ ನೆಲೆಯನ್ನು ಹೇಳುವ ಸಂಖ್ಯೆ) ಸುಮಾರು 4 ಇರುವುದರಿಂದ, ಸಮ ಮೋಲ್, ಅಂದರೆ ಸಮ ಸಂಖ್ಯೆಯ ಅಣುಗಳನ್ನು ಬೆರೆಸಿದರೆ ಮೂರರಲ್ಲಿ ಎರಡು ಪಾಲಿಗೆ ಕ್ರಿಯೆ ನಿಲ್ಲುತ್ತದೆ. ವೇಗವರ್ಧಕವಾಗಿ ಹಾಕುವ ಸಲ್ಫ್ಯೂರಿಕ್ ಆಮ್ಲ ಆ ನೆಲೆಗೆ ಬೇಗ ತಲುಪಿಸುತ್ತದೆಯೇ ಹೊರತು ನೆಲೆಯನ್ನು ಸರಿಸುವುದಿಲ್ಲ.

ಸರಿಸಬೇಕೆಂದರೆ ಹುಟ್ಟಿದ ನೀರನ್ನು ಹೊರತೆಗೆಯಬೇಕು, ಇಲ್ಲವೇ ಎರಡರಲ್ಲೊಂದನ್ನು ಹೆಚ್ಚು ಹಾಕಬೇಕು. ಒಂದು ಮೋಲ್ ಆಲ್ಕೊಹಾಲಿಗೆ ಮೂರು ಮೋಲ್ ಅಸಿಟಿಕ್ ಆಮ್ಲ ಹಾಕಿದರೆ ಪರಿವರ್ತನೆ ಶೇಕಡಾ 90ರ ಆಸುಪಾಸಿಗೆ ಏರುತ್ತದೆ. ಆಲ್ಕೊಹಾಲನ್ನೇ ಮೂರು ಪಟ್ಟು ಮಾಡಿದರೂ ಲೆಕ್ಕಕ್ಕೆ ಅಷ್ಟೇ ಸಿಗುತ್ತದೆ, ಆದರೆ ಐಸೊಅಮೈಲ್ ಆಲ್ಕೊಹಾಲ್ 131 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಸ್ಟರ್ 142ರಲ್ಲಿ ಕುದಿಯುವುದರಿಂದ ಬಟ್ಟಿ ಇಳಿಸುವಾಗ ಅವು ಒಂದನ್ನೊಂದು ಬಿಡುವುದಿಲ್ಲ. ಉಳಿದ ಅಸಿಟಿಕ್ ಆಮ್ಲವಾದರೋ ತೊಳೆಯುವಾಗ ನೀರಿಗೆ ಹೋಗುತ್ತದೆ. ಹಾಗಾಗಿ ಶುದ್ಧೀಕರಣವನ್ನು ಮೊದಲು ಯೋಚಿಸಿ, ಆಮೇಲೆ ಫ್ಲಾಸ್ಕಿಗೆ ಅಳೆದು ಹಾಕಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕುದಿಯುವಾಗ ಏಳುವ ನೀರಿನ ಆವಿಯನ್ನು ತಣಿಸಿ ಬೇರೆ ಹಿಡಿದಿಡುವ ಡೀನ್–ಸ್ಟಾರ್ಕ್ ಉಪಕರಣವಿದ್ದರೆ ನೀರು ಬೇರೆಯಾಗಿ ಕೂಡುವುದು ಕಣ್ಣಿಗೇ ಕಾಣುತ್ತದೆ, 0.2 ಮೋಲ್ ಎಸ್ಟರಿಗೆ 3.6 ಮಿ.ಲೀ. ಬರಬೇಕು.

ತೊಳೆಯುವಾಗ ಆತುರ ಬೇಡ. ಮೊದಲು ಬರೀ ನೀರಿನಿಂದ ತೊಳೆದು ಆಮ್ಲದ ಬಹುಪಾಲನ್ನು ತೆಗೆಯಬೇಕು. ನೇರವಾಗಿ ಸೋಡಿಯಂ ಬೈಕಾರ್ಬನೇಟ್ ದ್ರಾವಣ ಸುರಿದರೆ ಕಾರ್ಬನ್ ಡೈಆಕ್ಸೈಡ್ ಉಕ್ಕಿ, ಬೇರ್ಪಡಿಸುವ ಆಲಿಕೆಯ ಬಿರಡೆ ಹಾರುತ್ತದೆ. ಬೈಕಾರ್ಬನೇಟ್ ಹಾಕಿದ ಮೇಲೂ ಪ್ರತಿ ಅಲುಗಾಟಕ್ಕೊಮ್ಮೆ ನಲ್ಲಿ ತೆರೆದು ಅನಿಲ ಬಿಡಬೇಕು. ಸಲ್ಫ್ಯೂರಿಕ್ ಆಮ್ಲ ಉಳಿದರೆ, ಬಟ್ಟಿಯ ಬಿಸಿಗೆ ಅದು ಎಸ್ಟರನ್ನು ಮತ್ತೆ ಒಡೆಯುತ್ತದೆ. ಶಿರಸಿ ಕಡೆಯ ತೋಟದ ಮನೆಗಳಿಂದ ಬರುವ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ: ಈ ಎಸ್ಟರೇ ಜೇನುನೊಣಗಳು ಅಪಾಯ ಸಾರುವ ವಾಸನೆಯಾದ್ದರಿಂದ, ಕೈ ತೊಳೆಯದೆ ಜೇನುಪೆಟ್ಟಿಗೆ ಮುಟ್ಟಬಾರದು.

ಕೊನೆಗೆ ಉಪ್ಪುನೀರಿನಿಂದ ತೊಳೆದು, ಉಳಿದ ನೀರನ್ನು ಹೀರಲು ಜಲರಹಿತ ಸೋಡಿಯಂ ಸಲ್ಫೇಟ್ ಹಾಕುತ್ತೇವೆ. ಆಷಾಢದ ಕಾರವಾರದಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದೇ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಆ ವಿದ್ಯಾರ್ಥಿನಿಯ ಬಟ್ಟಿಯಿಂದ ಬಿದ್ದ ಮೊದಲ ಹನಿಗಳು ಮಸುಕಾಗಿದ್ದವು, ಅಂದರೆ ನೀರು ಉಳಿದಿತ್ತು. ಸೋಡಿಯಂ ಸಲ್ಫೇಟಿನ ಹೊಸ ಬಾಟಲಿ ತೆರೆದು ಮತ್ತೊಮ್ಮೆ ಒಣಗಿಸಿದ ಮೇಲೆ, 137ರಿಂದ 142 ಡಿಗ್ರಿಯ ನಡುವೆ ಎಸ್ಟರ್ ತಿಳಿಯಾಗಿ ಇಳಿಯಿತು.